ಔಷಧಿ ಹೊಡೆದವನ ಹೆಸರು ಯಾವ ಪುಸ್ತಕದಲ್ಲಿದೆ?



ನಮ್ಮೂರಲ್ಲಿ ಕೀಟನಾಶಕಕ್ಕೆ ಯಾರೂ ವಿಷ ಅನ್ನಲ್ಲ, 'ಔಷಧಿ' ಅಂತಾರೆ. 80ರ ದಶಕದಲ್ಲಿ ನಮ್ಮಪ್ಪ ಗೌಡ್ರುಗಳ ಭತ್ತದ ಗದ್ದೆಗೆ ಔಷಧಿ ಹೊಡೆಯೋ ಕೂಲಿಗೆ ಹೋಗ್ತಿದ್ದರು. ಬರಿಗಾಲು, ಮೂಗಿಗೆ ಟವೆಲ್ಲು. ಕ್ಯಾನು ಸೋರಿ ಬೆನ್ನೆಲ್ಲ ಒದ್ದೆ. ಗದ್ದೆ ಯಜಮಾನ್ರು ಮಾತ್ರ ದೂರದ ಬದುವಿನ ಮೇಲೆ ನಿಂತಿರೋರು. ಅದು ವಿಷ ಅಂತ ಅವರಿಗೆ ಗೊತ್ತಿತ್ತು.

ಈ 'ಔಷಧಿ'ಯ ಚರಿತ್ರೆ ನೋಡಿ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ವಿಜ್ಞಾನಿ ಹೊಸ ಕೀಟನಾಶಕ ಹುಡುಕ್ತಾ ಟಾಬುನ್ ತಯಾರಿಸಿದ. ನಾಜಿ ಸೇನೆ ಅದನ್ನು ಯುದ್ಧದ ವಿಷಾನಿಲ ಮಾಡ್ಕೊಂಡಿತು. ಅದೇ ಶ್ರಾಡರ್ 1944ರ ಹೊತ್ತಿಗೆ ಪ್ಯಾರಾಥಿಯಾನ್ ಕಂಡುಹಿಡಿದ. ಅದು ಹೊಲಗಳಿಗೆ ಬಂತು. ಎರಡೂ ಆರ್ಗನೋಫಾಸ್ಫೇಟ್ ಜಾತಿಯವೇ. ನರದಿಂದ ಬಂದ ಸಂದೇಶ ಮುಟ್ಟಿದ ಮೇಲೆ ಅದನ್ನು ನಿಲ್ಲಿಸೋ ಒಂದು ಕಿಣ್ವ ಇದೆ. ಇವು ಆ ಕಿಣ್ವವನ್ನೇ ಕೆಡಿಸ್ತವೆ. ಆ ಕಿಣ್ವ ಹುಳದಲ್ಲೂ ಇದೆ, ಮನುಷ್ಯನಲ್ಲೂ ಇದೆ.

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿ ಹಿಟ್ಟು ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರ ಎಚ್ಚೆತ್ತು 1968ರಲ್ಲಿ ಕೀಟನಾಶಕ ಕಾಯ್ದೆ, 1971ರಲ್ಲಿ ಅದರ ನಿಯಮಗಳನ್ನು ತಂತು. ಆ ನಿಯಮಗಳನ್ನು ನಾನು ಕೂತು ಓದಿದೆ. ಸಿಂಪಡಿಸುವವರಿಗೆ ಕೆಲಸಕ್ಕೆ ಮೊದಲು ವೈದ್ಯಕೀಯ ತಪಾಸಣೆ ಆಗಬೇಕು. ಆರ್ಗನೋಫಾಸ್ಫೇಟ್ ಮುಟ್ಟುವವರ ರಕ್ತದಲ್ಲಿ ಆ ಕಿಣ್ವ ಎಷ್ಟಿದೆ ಅಂತ ತಿಂಗಳಿಗೊಮ್ಮೆ ನೋಡಬೇಕು. ರಕ್ಷಣಾ ಉಡುಪು ಕೊಡಬೇಕು.

ನಮ್ಮಪ್ಪನ ಒಂದು ತೊಟ್ಟು ರಕ್ತ ಯಾರೂ ತಗೊಳ್ಳಲಿಲ್ಲ.

60 ದಾಟಿದ ಮೇಲೆ ಅಪ್ಪನ ಕೈ ನಡುಗೋಕೆ ಶುರುವಾಯ್ತು. ಡಾಕ್ಟ್ರು ಪಾರ್ಕಿನ್ಸನ್ ಅಂದ್ರು. ಏನು ಕೆಲಸ ಮಾಡ್ತಿದ್ರಿ ಅಂತ ಒಬ್ಬರೂ ಕೇಳಲಿಲ್ಲ. ಔಷಧಿಯಿಂದಲೇ ಬಂತು ಅಂತ ನಾನು ಹೇಳ್ತಿಲ್ಲ. ಕೀಟನಾಶಕ, ಕಳೆನಾಶಕಗಳ ಜೊತೆ ಕೆಲಸ ಮಾಡಿದವರಲ್ಲಿ ಈ ರೋಗದ ಅಪಾಯ ಹೆಚ್ಚು ಅಂತ ಹಲವು ಅಧ್ಯಯನಗಳು ಹೇಳಿವೆ; ಎಲ್ಲರಿಗೂ ಬರುತ್ತೆ ಅಂತಲ್ಲ. ಆದರೆ ಫ್ರಾನ್ಸ್ ದೇಶ 2012ರಲ್ಲೇ ಕೀಟನಾಶಕ ಬಳಸಿದ ಕೃಷಿಕರಿಗೆ, ಕೃಷಿ ಕಾರ್ಮಿಕರಿಗೆ ಬರೋ ಪಾರ್ಕಿನ್ಸನ್‌ಅನ್ನು ಔದ್ಯೋಗಿಕ ಕಾಯಿಲೆ ಅಂತ ಒಪ್ಪಿಕೊಂಡಿತು. ಅಲ್ಲಿ ಪರಿಹಾರ ಕೇಳೋಕೆ ಒಂದು ದಾರಿ ಇದೆ. ನಮ್ಮಪ್ಪ ಎಲ್ಲಿಗೆ ಹೋಗಬೇಕು?

ನಾನು ಗುಮಾಸ್ತ. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ ಅನ್ನೋದು ಆಫೀಸಿನ ಧರ್ಮ. ಪಹಣಿಯಲ್ಲಿ ಹೆಸರಿದ್ದವನು ರೈತ. ಔಷಧಿ ಬಿಲ್ಲು ಅವನ ಹೆಸರಲ್ಲಿ, ಬೆಳೆ ಪರಿಹಾರ ಅವನ ಹೆಸರಲ್ಲಿ. ಆ ವಿಷವನ್ನ ಮೈಮೇಲೆ ಹೊತ್ತವನು ಯಾವ ಪುಸ್ತಕದಲ್ಲೂ ಇಲ್ಲ. ಕೆಲಸ ಹಂಚಿದ್ದು ಜಾತಿ, ಅದನ್ನು ಬರೆದಿಡದೆ ಬಿಟ್ಟಿದ್ದೂ ಜಾತಿಯೇ.

ಕೇರಿಯ ಹುಡುಗರಲ್ಲಿ ಒಂದು ಮನವಿ. ಇವತ್ತೂ ಕ್ಯಾನು ನಿಮ್ಮ ಬೆನ್ನ ಮೇಲೇ ಇದೆ. ಯಾವ ದಿನ, ಯಾರ ಗದ್ದೆ, ಯಾವ ಔಷಧಿ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಡಬ್ಬಿಯ ಲೇಬಲ್ ಫೋಟೋ ತೆಗೆದಿಟ್ಟುಕೊಳ್ಳಿ. ಗ್ಲೌಸು, ಮಾಸ್ಕು ಕೊಡದೆ ಕ್ಯಾನು ಮುಟ್ಟಬೇಡಿ. ಆಸ್ಪತ್ರೆಗೆ ಹೋದರೆ ಮೊದಲು ನಿಮ್ಮ ಕೆಲಸ ಏನು ಅಂತ ಹೇಳಿ, ಚೀಟಿಯಲ್ಲಿ ಬರೆಸಿ.

ಅಪ್ಪನಿಗೆ ಈಗ ಕಾಫಿ ಲೋಟ ನಾನೇ ಹಿಡಿದು ಕುಡಿಸ್ತೀನಿ. ಅವರ ಲೆಕ್ಕ ಬರೆದಿಡೋರು ಯಾರೂ ಇರಲಿಲ್ಲ. ನಿಮ್ಮ ಲೆಕ್ಕ ನೀವೇ ಬರೆದಿಡಿ.