ಒಡೆದ ಹಾಲು ಕಟ್ಟಿದ ಕಥೆ

ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಗೆ ಚರ್ಚ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಒಂದು ಸಿಹಿ ಅಂಗಡಿ ಇದೆ. ಮೈಸೂರು ಪಾಕ್, ಚಿರೋಟಿ, ಹೋಳಿಗೆಗಳ ಊರಿನಲ್ಲಿ ಅಲ್ಲಿ ದೊರೆಯುವುದು ಬೇರೆಯದೇ ರುಚಿ: ಪಾಕದಲ್ಲಿ ತೇಲುವ ಬಿಳಿ ಉಂಡೆಗಳು, ಮಣ್ಣಿನ ಕುಡಿಕೆಯ ಸಿಹಿ ಮೊಸರು, ಸಂದೇಶ್. ಫಲಕದ ಮೇಲಿನ ಹೆಸರು ಕೆ.ಸಿ. ದಾಸ್. ಕಲ್ಕತ್ತೆಯ ಈ ಮನೆತನ ಬೆಂಗಳೂರಿಗೆ ಬಂದದ್ದು 1972ರಲ್ಲಿ. ಬಂಗಾಳದ ರಸಗುಲ್ಲ ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ಏಕೆ ಬಂತು ಎಂದು ಕೇಳಿದರೆ, ಉತ್ತರ ಅಡುಗೆಮನೆಯಲ್ಲಿ ಮಾತ್ರ ಸಿಗುವುದಿಲ್ಲ. ರಾಜಕೀಯ, ಹಾಲಿನ ಅಭಾವ, ವಿಜ್ಞಾನ ಎಲ್ಲವೂ ಅದರಲ್ಲಿ ಸೇರಿಕೊಂಡಿವೆ.

ನಮ್ಮ ಮನೆಗಳಲ್ಲಿ ಕಾಯಿಸಿದ ಹಾಲು ಒಡೆದರೆ ಗೃಹಿಣಿಯ ಮುಖ ಸಪ್ಪಗಾಗುತ್ತದೆ. ಧಾರವಾಡದ ಪೇಡೆಯಾಗಲಿ, ಬೆಳಗಾವಿಯ ಕುಂದಾ ಆಗಲಿ ಹಾಲನ್ನು ಬತ್ತಿಸಿ ಮಾಡುವ ತಿನಿಸುಗಳು. ಬಂಗಾಳದ ಮಿಠಾಯಿಗಾರ ಮಾತ್ರ ಹಾಲನ್ನು ಬೇಕೆಂದೇ ಒಡೆಯುತ್ತಾನೆ. ಕಾದ ಹಾಲಿಗೆ ಹುಳಿ ಬೆರೆಸಿ, ನೀರು ಬೇರೆಯಾದ ಮೇಲೆ ಬಟ್ಟೆಯಲ್ಲಿ ಸೋಸಿದರೆ ಉಳಿಯುವ ಗಟ್ಟಿಯೇ ಛೇನಾ. ಅದನ್ನು ನಯವಾಗುವಂತೆ ನಾದಿ, ಉಂಡೆ ಕಟ್ಟಿ, ಕುದಿಯುವ ತೆಳು ಸಕ್ಕರೆ ಪಾಕದಲ್ಲಿ ಬೇಯಿಸಬೇಕು. ಉಂಡೆಯೊಳಗಿನ ನೀರು ಹಬೆಯಾಗಿ ಒಳಗೆ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಆ ರಂಧ್ರಗಳಿಗೆ ಪಾಕ ಇಳಿಯುತ್ತದೆ. ಹಸುವಿನ ಹಾಲಿನ ಛೇನಾ ಮೃದು. ಎಮ್ಮೆಯ ಹಾಲಿನದು ಗಡುಸಾಗುವುದರಿಂದ ರಸಗುಲ್ಲಕ್ಕೆ ಒಗ್ಗುವುದಿಲ್ಲ.

ಯಾರು ಮೊದಲು?

ಹಾಲು ಒಡೆಯುವ ಈ ಕಲೆ ಬಂಗಾಳಕ್ಕೆ ಬಂದದ್ದು ಹೇಗೆ? ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಹಾಗೂ ಇತಿಹಾಸಕಾರ ಕೆ.ಟಿ. ಅಚ್ಚಯ್ಯ (1923-2002) ಇದಕ್ಕೊಂದು ವಿವರಣೆ ನೀಡಿದ್ದರು. ಹಾಲನ್ನು ಒಡೆಯುವುದು ಸಂಪ್ರದಾಯಕ್ಕೆ ಸಲ್ಲದ ಕೆಲಸವಾಗಿತ್ತು. ಹೂಗ್ಲಿ ತೀರದಲ್ಲಿ ನೆಲೆಸಿದ ಪೋರ್ಚುಗೀಸರ ಚೀಸ್ ತಯಾರಿಕೆಯಿಂದ ಬಂಗಾಳದ ಮಿಠಾಯಿಗಾರರು ಛೇನಾ ಕಲಿತರು ಎಂಬುದು ಅವರ ಅಭಿಪ್ರಾಯ. 17ನೇ ಶತಮಾನದ ಫ್ರೆಂಚ್ ಪ್ರವಾಸಿ ಬರ್ನಿಯೆ ಕೂಡ ಬಂಗಾಳದಲ್ಲಿ, ಅದರಲ್ಲೂ ಪೋರ್ಚುಗೀಸರು ಇರುವೆಡೆಗಳಲ್ಲಿ, ಸಿಹಿತಿನಿಸುಗಳು ಹೆಸರುವಾಸಿ ಎಂದು ಬರೆದಿದ್ದಾನೆ.

ಈ ವಾದಕ್ಕೆ ದೊಡ್ಡ ತೊಡಕು ಒಡ್ಡುವ ಗ್ರಂಥ ಹುಟ್ಟಿದ್ದು ಕನ್ನಡ ನೆಲದಲ್ಲೇ ಎಂಬುದು ಸ್ವಾರಸ್ಯಕರ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಗಳ ವಿವರ ಇದೆ. ಕಾದ ಹಾಲನ್ನು ಹುಳಿಯಿಂದ ಒಡೆದು, ಸೋಸಿದ ಗಟ್ಟಿಗೆ ಅಕ್ಕಿ ಹಿಟ್ಟು ಬೆರೆಸಿ, ಕರಿದು, ಸಕ್ಕರೆ ಹಾಕುವ ತಿನಿಸೂ ಅದರಲ್ಲಿ ಉಂಟು. ಅದು ರಸಗುಲ್ಲ ಅಲ್ಲ, ನಿಜ. ಆದರೆ ಪೋರ್ಚುಗೀಸರು ಭಾರತಕ್ಕೆ ಬರುವ ಮುನ್ನೂರೈವತ್ತು ವರ್ಷಗಳಿಗೂ ಮೊದಲೇ ಹಾಲು ಒಡೆದು ಸಿಹಿ ಮಾಡುವುದು ಒಂದು ಅರಮನೆಯಲ್ಲಾದರೂ ನಿಷಿದ್ಧವಾಗಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಇಂದು ಕಾಣುವ ಸ್ಪಂಜಿನಂಥ ರಸಗುಲ್ಲದ ಕೀರ್ತಿಯನ್ನು ಬಂಗಾಳ ನೀಡುವುದು ಕಲ್ಕತ್ತೆಯ ಬಾಗ್‌ಬಜಾರಿನ ನೊಬಿನ್ ಚಂದ್ರ ದಾಸ್ ಅವರಿಗೆ. 1868ರಲ್ಲಿ ಅವರು ಅದನ್ನು ಸಿದ್ಧಪಡಿಸಿದರು ಎನ್ನಲಾಗುತ್ತದೆ. ಅವರ ಮಗ ಕೃಷ್ಣ ಚಂದ್ರ ದಾಸ್, ಅಂದರೆ ಕೆ.ಸಿ. ದಾಸ್. ಕುಟುಂಬದ ವ್ಯಾಪಾರ ಬೆಳೆದದ್ದು ಅವರ ಕಾಲದಲ್ಲಿ. 1930ರ ಸುಮಾರಿಗೆ ರಸಗುಲ್ಲವನ್ನು ಡಬ್ಬಿಯಲ್ಲಿ ಮುಚ್ಚಿ ಮಾರತೊಡಗಿದ್ದು ದೊಡ್ಡ ತಿರುವು. ಒಂದೆರಡು ದಿನದಲ್ಲಿ ಕೆಡುತ್ತಿದ್ದ ತಿನಿಸು ರೈಲು, ಹಡಗು ಹತ್ತಿ ದೂರದ ಊರುಗಳಿಗೆ ಹೊರಟಿತು.

ಮಕ್ಕಳಿಗೆ ಹಾಲೋ, ಹಬ್ಬಕ್ಕೆ ಸಿಹಿಯೋ?

ಈ ಪಯಣಕ್ಕೆ 1965ರಲ್ಲಿ ಪೆಟ್ಟು ಬಿತ್ತು. ದೇಶದಲ್ಲಿ ಆಹಾರದ ಕೊರತೆ ತೀವ್ರವಾಗಿದ್ದ ಕಾಲ. ಕಲ್ಕತ್ತೆಯಲ್ಲಿ ಹಾಲಿಗೂ ಅಭಾವ. ಮುಖ್ಯಮಂತ್ರಿ ಪ್ರಫುಲ್ಲ ಚಂದ್ರ ಸೇನ್ ಅವರ ಸರ್ಕಾರ ಛೇನಾದ ಸಿಹಿಗಳ ತಯಾರಿಕೆಯನ್ನು ನಿಷೇಧಿಸಿತು. ಹಾಲೆಲ್ಲ ಮಿಠಾಯಿ ಬಾಣಲೆಗೆ ಹೋದರೆ ಮಕ್ಕಳು, ರೋಗಿಗಳು ಏನು ಕುಡಿಯಬೇಕು ಎಂಬುದು ಸರ್ಕಾರದ ಪ್ರಶ್ನೆ. ಅದನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಛೇನಾ ಮಾಡುವ ಗೌಳಿಗರು, ಬಾಣಲೆಯ ಮುಂದೆ ನಿಂತ ಕೆಲಸಗಾರರು, ಓಣಿಯ ಸಣ್ಣ ಅಂಗಡಿಕಾರರು ಹೊಟ್ಟೆಪಾಡಿಗೆ ಏನು ಮಾಡಬೇಕು ಎಂಬ ಪ್ರಶ್ನೆಯೂ ಅಷ್ಟೇ ನಿಜವಾಗಿತ್ತು. ಮದುವೆ, ಪೂಜೆ, ಅತಿಥಿ ಸತ್ಕಾರ ಯಾವುದೂ ಸಂದೇಶ್, ರಸಗುಲ್ಲ ಇಲ್ಲದೆ ನಡೆಯದ ನಾಡಿನಲ್ಲಿ ಜನರ ಅಸಮಾಧಾನ ಹೊಗೆಯಾಡಿತು.

1967ರ ಚುನಾವಣೆಯಲ್ಲಿ ಸೇನ್ ಅವರು ಅರಾಮ್‌ಬಾಗ್ ಕ್ಷೇತ್ರದಲ್ಲಿ ಅಜಯ್ ಮುಖರ್ಜಿ ಅವರ ಎದುರು ಸೋತರು. ಅಕ್ಕಿಯ ಕೊರತೆ, 1966ರ ಆಹಾರ ಚಳವಳಿ ಈ ಸೋಲಿಗೆ ಮುಖ್ಯ ಕಾರಣಗಳು. ಸಿಹಿಯ ಮೇಲಿನ ನಿಷೇಧದ ಕಹಿಯೂ ಅದಕ್ಕೆ ಸೇರಿತ್ತು ಎಂದು ಬಂಗಾಳದಲ್ಲಿ ಈಗಲೂ ಹೇಳುವವರಿದ್ದಾರೆ. ನಿಷೇಧ ಬಹುಕಾಲ ಬಾಳಲಿಲ್ಲ. ಆದರೆ ಒಂದೇ ಊರನ್ನು ನಂಬಿದರೆ ಅಪಾಯ ಎಂಬುದು ಮಿಠಾಯಿಗಾರರಿಗೆ ಮನವರಿಕೆಯಾಗಿತ್ತು. ದಾಸ್ ಮನೆತನ ಬೆಂಗಳೂರಿಗೆ ಕಾಲಿಟ್ಟದ್ದು ಈ ಹಿನ್ನೆಲೆಯಲ್ಲಿ.

ಒಡಿಶಾದ ಹಕ್ಕು

ಕಥೆ ಅಲ್ಲಿಗೇ ಮುಗಿಯಲಿಲ್ಲ. ರಸಗುಲ್ಲ ತಮ್ಮದು ಎನ್ನುತ್ತದೆ ಒಡಿಶಾ. ಪುರಿಯ ರಥಯಾತ್ರೆಗೆ ತನ್ನನ್ನು ಬಿಟ್ಟು ಹೋದ ಜಗನ್ನಾಥನ ಮೇಲೆ ಲಕ್ಷ್ಮಿ ಮುನಿದಿರುತ್ತಾಳೆ. ಮಂದಿರಕ್ಕೆ ಮರಳುವ ‘ನೀಲಾದ್ರಿ ಬಿಜೆ’ಯ ದಿನ ಸ್ವಾಮಿ ಆಕೆಗೆ ರಸಗುಲ್ಲ ಕೊಟ್ಟು ಸಮಾಧಾನಪಡಿಸುತ್ತಾನೆ. ಈ ಪದ್ಧತಿ ಶತಮಾನಗಳಷ್ಟು ಹಳೆಯದು ಎಂಬುದು ಒಡಿಯಾ ಜನರ ವಾದ. ಭುವನೇಶ್ವರ ಹಾಗೂ ಕಟಕ್ ನಡುವಿನ ಪಹಾಲದ ಹೆದ್ದಾರಿ ಅಂಗಡಿಗಳ ರಸಗುಲ್ಲಕ್ಕೆ ಕಂದು ಛಾಯೆ ಇರುತ್ತದೆ; ಅದು ಇನ್ನೂ ಮೃದು. 2015ರಲ್ಲಿ ಈ ಜಗಳ ಬಿರುಸಾಯಿತು. ಚೆನ್ನೈನಲ್ಲಿರುವ ಭೌಗೋಳಿಕ ಸೂಚಕ ನೋಂದಣಿ ಕಚೇರಿ 2017ರ ನವೆಂಬರ್ 14ರಂದು ‘ಬಾಂಗ್ಲಾರ್ ರಸಗುಲ್ಲ’ಕ್ಕೂ 2019ರ ಜುಲೈ 29ರಂದು ‘ಒಡಿಶಾ ರಸಗುಲ್ಲ’ಕ್ಕೂ ಮಾನ್ಯತೆ ನೀಡಿತು. ಯಾರು ಮೊದಲು ಮಾಡಿದರು ಎಂಬುದನ್ನು ಕಚೇರಿ ತೀರ್ಮಾನಿಸಲಿಲ್ಲ. ಎರಡೂ ಕಡೆಯ ತಯಾರಿಕೆಗೆ ತನ್ನದೇ ಗುಣವಿದೆ ಎಂದಷ್ಟೇ ಒಪ್ಪಿತು.

ಹೀಗೆ ಎರಡು ರಾಜ್ಯಗಳು ಹಕ್ಕು ಸಾಧಿಸುವ ಈ ಉಂಡೆಯನ್ನು ಬೆಂಗಳೂರಿನ ಗಿರಾಕಿ ಸಂಜೆ ಹೊತ್ತು ತಟ್ಟೆಯಲ್ಲಿಟ್ಟುಕೊಂಡು ಚಮಚದಿಂದ ಒತ್ತುತ್ತಾನೆ. ಪಾಕ ಹೊರಗೆ ಬರುತ್ತದೆ. ಬಿಟ್ಟರೆ ಉಂಡೆ ಮತ್ತೆ ಮೊದಲಿನಂತೆ ಉಬ್ಬುತ್ತದೆ. ನಿಷೇಧ, ವಲಸೆ, ವಿವಾದಗಳನ್ನೆಲ್ಲ ಕಂಡ ಆ ತಿನಿಸಿನ ಸ್ವಭಾವವೂ ಅದೇ.