ಸಹಕಾರ ಚಳುವಳಿ ಮತ್ತು ನಮ್ಮೂರ ಆಯಗಾರರು

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಸಹಕಾರ ಚಳುವಳಿಯ ಇತಿಹಾಸ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಬರೆಯಲು ಕುಳಿತಾಗ ಮಾತ್ರ ಎಲ್ಲ ಸಂಚಿಕೆಗಳಲ್ಲೂ ಬರುವ ಅದೇ ಇಸವಿ, ಅದೇ ಹೆಸರು ಮತ್ತೊಮ್ಮೆ ಒಪ್ಪಿಸಿದರೆ ಓದುವವರು ಯಾರು ಅನ್ನಿಸಿತು. ಆದ್ದರಿಂದ ಈ ಇತಿಹಾಸದ ಒಂದೇ ಒಂದು ಶಬ್ದವನ್ನು ಹಿಡಿದು ಹೊರಟಿದ್ದೇವೆ. ಆ ಶಬ್ದ ‘ಕುಶಲಕರ್ಮಿ’.

1904ರಲ್ಲಿ ಬ್ರಿಟಿಷ್ ಸರಕಾರ ತಂದ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತನ್ನ ಉದ್ದೇಶ ಹೇಳುವಾಗ ಮೂರು ವರ್ಗದವರನ್ನು ಹೆಸರಿಸುತ್ತದೆ: ರೈತರು, ಕುಶಲಕರ್ಮಿಗಳು, ಅಲ್ಪ ಉತ್ಪನ್ನದ ಜನರು. ಇವರಲ್ಲಿ ಮಿತವ್ಯಯ, ಸ್ವಸಹಾಯ, ಸಹಕಾರ ಬೆಳೆಯಬೇಕು ಎಂಬುದು ಕಾಯ್ದೆಯ ಆಶಯ. ಮರುವರ್ಷವೇ, 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಇಂಥ ಸಂಘ ಅದೇ ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ, ಹೇಳಬೇಕಾದದ್ದೇ.

ಆ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಹೇಳುವುದಿಲ್ಲ. ಹಳ್ಳಿಯ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಕ್ಕಲುತನದವರೇ ಇರಬೇಕು ಎಂದು ಅಲ್ಲಿ ನಿಯಮವಿತ್ತು. ಅಂದರೆ ಐದನೇ ಪಾಲು ಬಡಿಗರಿಗೆ, ಕಮ್ಮಾರರಿಗೆ, ಕುಂಬಾರರಿಗೆ, ನೇಕಾರರಿಗೆ ತೆರೆದೇ ಇತ್ತು. ಹೊಣೆಯೂ ಅಪರಿಮಿತ, ಒಬ್ಬ ಸಾಲ ಮುಳುಗಿಸಿದರೆ ಉಳಿದವರೆಲ್ಲ ತುಂಬಿಕೊಡಬೇಕು. ಹೊಲಕ್ಕಿಂತ ಹೆಚ್ಚಾಗಿ ಮನುಷ್ಯನ ಮುಖ ನೋಡಿ ಸಾಲ ಕೊಡುವ ಪದ್ಧತಿ ಇದು, ಜರ್ಮನಿಯ ರೈಫೈಸನ್ ಹಾಕಿಕೊಟ್ಟ ದಾರಿ. ಮುಂದೆ 1912ರ ಕಾಯ್ದೆ ಬಂದು, ಸಾಲ ಕೊಡುವುದಷ್ಟೇ ಅಲ್ಲದೆ ಮಾಲು ಕೊಳ್ಳುವ, ಮಾರುವ, ತಯಾರಿಸುವ ಸಂಘಗಳಿಗೂ ಅವಕಾಶವಾಯಿತು.

ಇನ್ನು ನಮ್ಮೂರ ಕಡೆ ಬರೋಣ. ಸಂಘ ಎಂಬ ಹೆಸರು ಕೇಳದ ಕಾಲದಲ್ಲೂ ಊರಿಗೊಂದು ಏರ್ಪಾಡು ಇತ್ತು. ರಂಟಿ, ಕುಂಟಿ, ಕೂರಿಗಿ ಮಾಡಿಕೊಡುವವ ಬಡಿಗ. ಕುಡ, ಕುರ್ಪಿ, ಕುಡಗೋಲು ಹಣಿದುಕೊಡುವವ ಕಮ್ಮಾರ. ಮಿಣಿ, ಬಾರುಕೋಲು, ಚಪ್ಪಲಿ ಹೊಲಿದುಕೊಡುವವರು ಬೇರೆ. ವರ್ಷವಿಡೀ ದುಡ್ಡಿನ ಮಾತಿಲ್ಲ. ಸುಗ್ಗಿಯಾಗ ಕಣದೊಳಗೆ ರಾಶಿ ಬಿತ್ತೆಂದರೆ ಮೊದಲು ಆಯಗಾರರ ಪಾಲು ಅಳೆದು ಆಮೇಲೆ ಮನೆಗೆ ಚೀಲ. ಕೆಲವರು ಇದನ್ನು ರಾಮರಾಜ್ಯವೆಂಬಂತೆ ಬಣ್ಣಿಸುತ್ತಾರೆ. ನಾವು ಅಷ್ಟು ದೂರ ಹೋಗಲಾರೆವು. ಕಣದ ಅಂಚಿಗೆ ದೂರ ನಿಂತು ಸೆರಗೊಡ್ಡಿ ಕಾಳು ಪಡೆದವರ ಮಕ್ಕಳು ಇಂದು ನಮ್ಮ ನಡುವೆ ಇದ್ದಾರೆ, ಅವರನ್ನು ಕೇಳಿದರೆ ಬೇರೆಯೇ ಇತಿಹಾಸ ಹೇಳುತ್ತಾರೆ. ಆದರೂ ಒಂದು ಮಾತು ಖರೆ: ಕಸಬುದಾರ ಉಳಿಯಬೇಕಾದರೆ ಊರೇ ಅವನಿಗೆ ಗಿರಾಕಿ ಆಗಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು.

ಕಬ್ಬಿಣದ ನೇಗಿಲು ಬಂದಾಗ ಈ ಕಟ್ಟು ಸಡಿಲಾಯಿತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1910ರಲ್ಲಿ ಔಂಧ ಸಂಸ್ಥಾನದ ರಾಜರು ಕೊಟ್ಟ ಜಾಗದಲ್ಲಿ ಕಾರ್ಖಾನೆ ಕಟ್ಟಿದ್ದು ನಮ್ಮ ಕಡೆಯವರಿಗೆ ಗೊತ್ತಿರುವ ಕಥೆ. ಆಮೇಲೆ ಟ್ರ್ಯಾಕ್ಟರು, ಪ್ಲಾಸ್ಟಿಕ್ ಕೊಡ ಬಂದವು. ಆಯ ನಿಂತಿತು, ಕಸಬುದಾರನಿಗೆ ಈಗ ರೊಕ್ಕ ಬೇಕು. ರೊಕ್ಕ ಕೊಡುವ ಸಂಘ ಅಷ್ಟರೊಳಗೆ ಉತಾರ ಕೇಳುವುದನ್ನು ಕಲಿತಿತ್ತು. ಬೆಳೆಸಾಲಕ್ಕೆ ಉತಾರ ಬೇಕು, ನಿಜ; ಆದರೆ ಎಲ್ಲ ಸಾಲವನ್ನೂ ಅದೇ ಅಳತೆಗೋಲಿನಿಂದ ಅಳೆದದ್ದು ನಾವು. 2023ರಲ್ಲಿ ರಾಜ್ಯ ಸರಕಾರ ರೈತರ ಬಡ್ಡಿಯಿಲ್ಲದ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದಾಗ ನಾವು ಪೇಡೆ ಹಂಚಿದೆವು. ಕಮ್ಮಾರನ ಬಾಯಿಗೂ ಒಂದು ಪೇಡೆ ಹಾಕಿದೆವು, ಅಷ್ಟೇ.

ಇಲ್ಲೊಂದು ಸಂಗತಿಯನ್ನು ಮುಚ್ಚಿಡದೆ ಬರೆಯಬೇಕು. 2006ರಲ್ಲಿ ನಮ್ಮೂರ ಕಮ್ಮಾರರೊಬ್ಬರು ತಿದಿ ತೆಗೆದು ಕರೆಂಟಿನ ಪಂಖಾ ಕೂರಿಸಲು, ಹಳೇ ಕುಲುಮೆ ರಿಪೇರಿಗೆಂದು ರೂ. 12,000 ಸಾಲ ಕೇಳಿದರು. ನಾವೂ ಆಗ ಆಡಳಿತ ಮಂಡಳಿಯಲ್ಲಿ ಇದ್ದೆವು. ಉತಾರ ತನ್ನಿ ಅಂದೆವು. ಅವರು, “ಎಲ್ಲಿಂದ ತರ್ಲಿರಿ ಗೌಡ್ರ? ನನ್ನ ಹೊಲ ಅಂದ್ರ ಈ ಅಡಿಗಲ್ಲು” ಅಂದರು. ಸಭೆ ನಕ್ಕಿತು, ಅರ್ಜಿ ತಿರಸ್ಕೃತವಾಯಿತು, ಠರಾವು ಪುಸ್ತಕದಲ್ಲಿ ಒಂದೇ ಸಾಲು. ಅವರು ಫೈನಾನ್ಸಿನವರ ಕಡೆ ಹೋದರು. ಎರಡು ವರ್ಷಕ್ಕೆ ಕುಲುಮೆ ಆರಿತು. ಈಗ ಒಂದು ಕುರ್ಪಿ ಹಣಿಸಲು ನಾವು ಬಸ್ಸು ಹತ್ತಿ ತಾಲೂಕಿಗೆ ಹೋಗುತ್ತೇವೆ. ಹೋಗಿ ಬರುವ ಚಾರ್ಜು, ಅರ್ಧ ದಿನದ ಕೂಲಿ ಲೆಕ್ಕ ಹಾಕಿದರೆ ಊರು ಆ ಹನ್ನೆರಡು ಸಾವಿರವನ್ನು ಎಷ್ಟು ಸಲ ತುಂಬಿದೆಯೋ!

ಬೇರೆ ದಾರಿ ಇರಲಿಲ್ಲವೇ? ಇತ್ತು, ದೂರವೇನೂ ಇರಲಿಲ್ಲ. ಧಾರವಾಡದ ಹತ್ತಿರ ಗರಗದಲ್ಲಿ ನೇಯ್ಗೆ, ಬಾಗಲಕೋಟೆ ಸೀಮೆಯ ತುಳಸಿಗೇರಿಯಲ್ಲಿ ಬಾವುಟದ ಬಟ್ಟೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಣ್ಣ, ಚಕ್ರದ ಅಚ್ಚು, ಹೊಲಿಗೆ: ಹೀಗೆ ಒಂದು ರಾಷ್ಟ್ರಧ್ವಜಕ್ಕೆ ಹಲವು ಊರಿನ ಕೈಗಳು ಸೇರುತ್ತವೆ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರ ನವೆಂಬರ್ 1ರಂದು ಹುಟ್ಟಿತು. ನೂಲು ಎಷ್ಟು ಎಳೆ, ಬಣ್ಣ ಎಷ್ಟು ಗಾಢ, ಎಲ್ಲಕ್ಕೂ ಮಾನಕ ಸಂಸ್ಥೆಯ ಅಳತೆ. 6 ಇಂಚು ಉದ್ದದ ಮೇಜಿನ ಬಾವುಟದಿಂದ 21 ಅಡಿ ಉದ್ದದ ಬಾವುಟದವರೆಗೆ 9 ಗಾತ್ರ. ನೂಲುವ ಹೆಣ್ಣುಮಗಳಿಗೆ ಅಲ್ಲಿ ಯಾರೂ ಉತಾರ ಕೇಳಲಿಲ್ಲ. ಸಂಘ ಹತ್ತಿ ಒದಗಿಸಿತು, ಸರಕಾರಿ ಕಚೇರಿಗಳು ಖಾಯಂ ಗಿರಾಕಿಯಾದವು, ಕಸಬು ನಿಂತಿತು. ಆ ಗಿರಾಕಿಯೇ ಅಲುಗಾಡಿದರೆ ಏನಾಗುತ್ತದೆ ಎಂಬುದೂ ಅಲ್ಲೇ ಕಂಡಿತು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಮಷೀನಿನ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಾಗ, 2022ರಲ್ಲಿ ಬೆಂಗೇರಿಯವರು ಪ್ರತಿಭಟನೆಗೆ ಕೂಡಬೇಕಾಯಿತು.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರಕಾರ 18 ಕಸಬುಗಳಿಗೆಂದು ವಿಶ್ವಕರ್ಮ ಯೋಜನೆ ಆರಂಭಿಸಿತು. ಅಡಮಾನವಿಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ, ಶೇಕಡಾ 5 ಬಡ್ಡಿ; ಹತ್ಯಾರಕ್ಕೆ ರೂ. 15,000ದವರೆಗೆ ನೆರವು. ಅರ್ಜಿಯ ಮೊದಲ ಪರಿಶೀಲನೆ ಮಾತ್ರ ಗ್ರಾಮ ಪಂಚಾಯ್ತಿಯದೇ. ಈತ ಖರೆ ಬಡಿಗ, ಈತ ಖರೆ ಕಮ್ಮಾರ ಎಂದು ದಿಲ್ಲಿಯವರು ಹೇಳಲಾರರು, ನಾವೇ ಹೇಳಬೇಕು. ಅಂದರೆ 1904ರಲ್ಲಿದ್ದ ಮುಖ ನೋಡುವ ಕೆಲಸ ಮತ್ತೆ ಊರಿನ ಕೈಗೇ ಬಂದಿದೆ.

ಕಮ್ಮಾರರ ಮಗ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿತು ಊರಿಗೆ ಬಂದಿದ್ದಾನೆ. ಬಸ್‌ಸ್ಟ್ಯಾಂಡಿನ ಪಕ್ಕ ಒಂದು ತಗಡಿನ ಶೆಡ್ಡಿಗೆ ಜಾಗ ಕೇಳುತ್ತಿದ್ದಾನೆ. ಪಂಚಾಯ್ತಿ ಜಾಗ ಕೊಡುವುದು, ಸಂಘ ಇಬ್ಬರು ಸದಸ್ಯರ ಜಾಮೀನಿನ ಮೇಲೆ ಹತ್ಯಾರ ಸಾಲ ಕೊಡುವುದು, ರೈತರು ಟ್ರೇಲರ್ ರಿಪೇರಿ ಊರಲ್ಲೇ ಮಾಡಿಸುವುದು ಎಂದು ಮೂರು ಮಾತಿನ ಠರಾವೊಂದನ್ನು ಬರೆದು ಕಾರ್ಯದರ್ಶಿಯವರ ಕೈಗೆ ಕೊಟ್ಟಿದ್ದೇವೆ. ಈ ಸಲದ ಮಹಾಸಭೆಯಲ್ಲಿ ಅದು ಏಳನೇ ವಿಷಯ. ಊಟಕ್ಕಿಂತ ಮೊದಲೇ ಬರುತ್ತದೆ, ಸದಸ್ಯ ಬಾಂಧವರು ದಯವಿಟ್ಟು ಎದ್ದು ಹೋಗಬಾರದು.