ದಾರಿಹೋಕನಿಗೆ ವಿಮೆ, ಸದಸ್ಯನಿಗೆ ಸಲಾಮು

ಕಾರಿನ ವಿಮೆ ನವೀಕರಿಸುವ ಹೊತ್ತಿಗೆ ಫೋನಿನ ಪರದೆಯ ಮೇಲೆ ನಾಲ್ಕೈದು ಕಂಪನಿಗಳ ದರಗಳು ಸಾಲಾಗಿ ಬಂದು ನಿಲ್ಲುತ್ತವೆ. ಥರ್ಡ್ ಪಾರ್ಟಿಗೆ ಇಷ್ಟು, ಓನ್ ಡ್ಯಾಮೇಜಿಗೆ ಇಷ್ಟು. ಕೆಳಗೆ ಟಿಕ್ ಹಾಕಲು ಒಂದು ಚೌಕ, ರೋಡ್‌ಸೈಡ್ ಅಸಿಸ್ಟೆನ್ಸ್. ಒಂದೇ ಬಿಲ್ಲಿನ ಮೂರು ಸಾಲುಗಳಂತೆ ಕಾಣುವ ಇವು ಹುಟ್ಟಿದ್ದು ಮಾತ್ರ ಬೇರೆ ಬೇರೆ ಜನರ ಸಲುವಾಗಿ. ಯಾವುದು ಯಾರಿಗಾಗಿ ಎಂದು ತಿಳಿಯದೆ ಹೋಲಿಸಿದರೆ ನಮ್ಮ ಕೈಗೆ ಸಿಗುವುದು ಬೆಲೆಯ ಲೆಕ್ಕವಷ್ಟೇ.

ದಾರಿಯಲ್ಲಿ ನೆರವಾಗುವ ಸೇವೆ ಶುರುವಾದದ್ದು ಕಾರು ಇದ್ದವರ ಕ್ಲಬ್ಬುಗಳಲ್ಲಿ. ಬ್ರಿಟನ್ನಿನಲ್ಲಿ ಗಂಟೆಗೆ 20 ಮೈಲಿಯ ವೇಗಮಿತಿ ಇದ್ದ ಕಾಲ. ಪೊಲೀಸರು ಬೇಲಿಯ ಮರೆಯಲ್ಲಿ ಗಡಿಯಾರ ಹಿಡಿದು ಕಾಯುತ್ತಿದ್ದರು. ಅವರಿಂದ ಸದಸ್ಯರನ್ನು ಪಾರು ಮಾಡಲೆಂದೇ 1905ರಲ್ಲಿ ಆಟೋಮೊಬೈಲ್ ಅಸೋಸಿಯೇಷನ್ ಹುಟ್ಟಿಕೊಂಡಿತು. ಅದರ ಕಾವಲುಗಾರರು ಸೈಕಲ್ ಮೇಲೆ ತಿರುಗುತ್ತ ಚಾಲಕರನ್ನು ಎಚ್ಚರಿಸುತ್ತಿದ್ದರು. ಹೀಗೆ ಎಚ್ಚರಿಸುವುದು ಪೊಲೀಸರ ಕೆಲಸಕ್ಕೆ ಅಡ್ಡಿ ಎಂದು 1910ರಲ್ಲಿ ನ್ಯಾಯಾಲಯ ಹೇಳಿದಾಗ ಸಂಘ ಉಪಾಯ ಹುಡುಕಿತು. ಸದಸ್ಯರ ಕಾರು ಕಂಡರೆ ಕಾವಲುಗಾರ ಸಲಾಮು ಹೊಡೆಯಬೇಕು. ಹೊಡೆಯದಿದ್ದರೆ ಸದಸ್ಯ ಗಾಡಿ ನಿಲ್ಲಿಸಿ ಕಾರಣ ಕೇಳಬೇಕು. ಸಲಾಮು ಹೊಡೆಯದವನನ್ನು ಯಾವ ಕಾನೂನಿನಡಿ ಹಿಡಿಯುವುದು? ಮುಂದೆ ಇದೇ ಕಾವಲುಗಾರರು ಕೆಟ್ಟ ಕಾರುಗಳನ್ನು ರಿಪೇರಿ ಮಾಡತೊಡಗಿದರು. ರಸ್ತೆಯ ಬದಿಯಲ್ಲಿ ಟೆಲಿಫೋನ್ ಗೂಡುಗಳು ಬಂದವು, ಅವುಗಳ ಬೀಗದ ಕೈ ಸದಸ್ಯರ ಜೇಬಿನಲ್ಲಿತ್ತು.

ನಮ್ಮಲ್ಲಿಯೂ ಇಂಥ ಸಂಘಗಳು ಬೇಗನೆ ಬಂದವು. ಕಲ್ಕತ್ತೆಯಲ್ಲಿ 1904ರಲ್ಲಿ ಬಂಗಾಳದ ಸಂಘ ಹುಟ್ಟಿತು. 1905ರಲ್ಲಿ ಮದ್ರಾಸಿನಲ್ಲಿ ಶುರುವಾದ ಸೌತ್ ಇಂಡಿಯಾ ಮೋಟಾರ್ ಯೂನಿಯನ್ ಮುಂದೆ ದಕ್ಷಿಣ ಭಾರತದ ಆಟೋಮೊಬೈಲ್ ಅಸೋಸಿಯೇಷನ್ ಆಯಿತು. ಮುಂಬೈಯಲ್ಲಿ 1919ರಲ್ಲಿ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಆರಂಭವಾಯಿತು. ಎಲ್ಲ ಕಡೆಯೂ ತತ್ವ ಒಂದೇ: ಚಂದಾ ಕಟ್ಟಿದವನಿಗೆ ನೆರವು.

ಕಡ್ಡಾಯ ವಿಮೆಯ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಕಾನೂನಿನ ಕಣ್ಣ ಮುಂದೆ ಇದ್ದವನು ಕಾರಿನೊಳಗೆ ಕೂತವನಲ್ಲ, ಕಾರು ತಾಗಿ ಬಿದ್ದವನು. ದಾವೆ ಗೆದ್ದರೂ ಕಾರಿನವನ ಬಳಿ ದುಡ್ಡಿಲ್ಲದಿದ್ದರೆ ಗಾಯಗೊಂಡವನಿಗೆ ಸಿಗುತ್ತಿದ್ದುದು ತೀರ್ಪಿನ ಕಾಗದ ಮಾತ್ರ. ಅದಕ್ಕೇ ಬ್ರಿಟನ್ 1930ರ ಕಾಯ್ದೆಯಲ್ಲಿ ಮೂರನೆಯವರ ವಿಮೆಯನ್ನು ಕಡ್ಡಾಯ ಮಾಡಿತು. ಅದೇ ಜಾಡಿನಲ್ಲಿ ಭಾರತದಲ್ಲಿ 1939ರ ಮೋಟಾರು ವಾಹನ ಕಾಯ್ದೆ ಬಂತು. ಆದರೆ ಅದರ ವಿಮೆಯ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ರಂದು, ಮಹಾಯುದ್ಧ ಮುಗಿದ ಮೇಲೆ. ಚಾಲಕನ ತಪ್ಪನ್ನು ಸಾಬೀತು ಮಾಡದೆಯೂ ಒಂದಿಷ್ಟು ಪರಿಹಾರ ಸಿಗಬೇಕು ಎಂಬುದು ಕಾಯ್ದೆಗೆ ಸೇರಲು 1982ರವರೆಗೆ ಕಾಯಬೇಕಾಯಿತು. ಆಗ ಒಂದು ಸಾವಿಗೆ ಗೊತ್ತುಮಾಡಿದ ಮೊತ್ತ 15,000 ರೂಪಾಯಿ. 1989ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯ್ದೆ, ಸಾವುನೋವಿನ ಪ್ರಕರಣಗಳಲ್ಲಿ ವಿಮಾ ಕಂಪನಿಯ ಹೊಣೆಗಿದ್ದ ಹಳೆಯ ಗರಿಷ್ಠ ಮಿತಿಯನ್ನು ತೆಗೆದುಹಾಕಿತು.

ಇನ್ನು ನಮ್ಮದೇ ಕಾರಿಗೆ ಆಗುವ ಹಾನಿಯ ವಿಮೆ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ 107 ಕಂಪನಿಗಳು ನಾಲ್ಕಾದವು. ಅವುಗಳ ಮುಖ್ಯ ಕಚೇರಿಗಳಿದ್ದದ್ದು ಕಲ್ಕತ್ತೆ, ಮುಂಬೈ, ದೆಹಲಿ, ಮದ್ರಾಸುಗಳಲ್ಲಿ. ಯಾರ ಬಳಿ ಹೋದರೂ ದರಪಟ್ಟಿ ಒಂದೇ, ಹೋಲಿಸುವ ಪ್ರಶ್ನೆಯೇ ಇರಲಿಲ್ಲ. 2000ದ ಹೊತ್ತಿಗೆ ಖಾಸಗಿಯವರು ಬಂದರು. 2007ರ ಜನವರಿಯಿಂದ ಈ ಹಾನಿಯ ದರ ಕಂಪನಿಗಳ ಕೈಗೆ ಹೋಯಿತು. ಇಂದಿನ ಹೋಲಿಕೆಯ ಆಟ ಶುರುವಾದದ್ದು ಆಮೇಲೆ. ಥರ್ಡ್ ಪಾರ್ಟಿಯ ದರವನ್ನು ಮಾತ್ರ ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್‌ನಲ್ಲಿ ಜಾರಿಯಾದ ಪಟ್ಟಿಯಲ್ಲಿ 1000 ಸಿಸಿಯೊಳಗಿನ ಕಾರಿಗೆ 2,094 ರೂಪಾಯಿ, 1500 ಸಿಸಿಯವರೆಗೆ 3,416, ಅದಕ್ಕೂ ಮೇಲೆ 7,897. ಈ ಸಾಲಿನಲ್ಲಿ ಅಗ್ಗದ ಕಂಪನಿ ಹುಡುಕುವುದು ವ್ಯರ್ಥ.

ಹುಡುಕಬೇಕಾದದ್ದು ಸಂದುಗಳನ್ನು. ಏಕರೂಪದ ದರಪಟ್ಟಿಯ ಕಾಲದಿಂದ ಬಂದ ಕಾರು ಪಾಲಿಸಿಯ ಒಕ್ಕಣೆಯಲ್ಲಿ ಎರಡು ಮಾತುಗಳಿವೆ. ಅಪಘಾತವಾದರೆ ಕಾರನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸಲು 1,500 ರೂಪಾಯಿಯವರೆಗೆ ಕೊಡುತ್ತಾರೆ. ಎಂಜಿನ್ನಾಗಲಿ ವೈರಿಂಗಾಗಲಿ ತಾನಾಗಿ ಕೆಟ್ಟರೆ ಏನೂ ಇಲ್ಲ. ಪುಣೆಯಿಂದ ಬೆಳಗಾವಿಯ ದಾರಿ ಹಿಡಿದವರ ಕಾರು ರಾತ್ರಿ ಕರಾಡದ ಬಳಿ ಸುಮ್ಮನೆ ನಿಂತುಬಿಟ್ಟರೆ, ಎಷ್ಟು ದೊಡ್ಡ ಪ್ರೀಮಿಯಂ ಕಟ್ಟಿದ್ದರೂ ಮೂಲ ಪಾಲಿಸಿ ಮಾತಾಡುವುದಿಲ್ಲ. ಈ ಸಂದನ್ನು ತುಂಬುವುದು ಆ ಹಳೆಯ ಕ್ಲಬ್ಬಿನ ಸೇವೆ, ಈಗ ಆ್ಯಡ್-ಆನ್ ಎಂಬ ಹೆಸರಿನಲ್ಲಿ. ಆದ್ದರಿಂದ ಅದರಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ: ಎಷ್ಟು ಕಿಲೋಮೀಟರು ಎಳೆದೊಯ್ಯುತ್ತಾರೆ, ವರ್ಷಕ್ಕೆ ಎಷ್ಟು ಸಲ, ಊರಿನಿಂದ ಎಷ್ಟು ದೂರದವರೆಗೆ, ಬಿಡಿಭಾಗದ ದುಡ್ಡು ಯಾರದು. ಕಾರು ಕೊಂಡಾಗ ತಯಾರಕರೇ ಈ ಸೇವೆ ಕೊಟ್ಟಿದ್ದು ಅವಧಿ ಇನ್ನೂ ಉಳಿದಿದ್ದರೆ ಎರಡನೆಯದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿಯೂ ನೆರವು ಕೇಳಬಹುದು.

ನೆರವಿನ ಸೇವೆ ಇಲ್ಲದಿದ್ದರೆ ಕೆಡುವುದು ನಮ್ಮದೇ ಒಂದು ರಾತ್ರಿ. ಥರ್ಡ್ ಪಾರ್ಟಿ ವಿಮೆ ತಪ್ಪಿದರೆ ಹಾಗಲ್ಲ. ವಿಮೆಯಿಲ್ಲದ ವಾಹನಗಳು ರಸ್ತೆಯಲ್ಲಿ ತುಂಬಿರುವುದನ್ನು ಕಂಡೇ ಸುಪ್ರೀಂ ಕೋರ್ಟ್, 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ವಿಮೆಯನ್ನು ಒಟ್ಟಿಗೇ ಮಾಡಿಸಬೇಕೆಂದಿತು. ಆ ಅವಧಿ ಮುಗಿದ ಮೇಲೆ ನವೀಕರಿಸುವ ಹೊಣೆ ಮಾಲೀಕನದು. ಪೊಲೀಸರ ಭಯಕ್ಕೆ ಕಟ್ಟುವ ದುಡ್ಡು ಎಂದು ಗೊಣಗುವ ಆ ಒಂದು ಸಾಲು, ಇಡೀ ಪಾಲಿಸಿಯಲ್ಲಿ ನಮಗೆ ಗುರುತೇ ಇಲ್ಲದ ಮನೆಯೊಂದರ ಅನ್ನಕ್ಕಾಗಿ ಬರೆದದ್ದು. ಅದು ಇಲ್ಲದಿದ್ದರೆ ಆ ಮನೆಯವರು ಪರಿಹಾರಕ್ಕಾಗಿ ಬರುವುದು ನಮ್ಮ ಮನೆ, ನಮ್ಮ ಸಂಬಳ, ನಮ್ಮ ಉಳಿತಾಯದ ಮೇಲೆ. ಅಲ್ಲಿ ದುಡ್ಡು ಸಾಲದಿದ್ದರೆ ಅವರಿಗೆ ಉಳಿಯುವುದು, 1930ಕ್ಕೆ ಮುಂಚಿನ ಬ್ರಿಟನ್ನಿನಲ್ಲಿ ಉಳಿಯುತ್ತಿದ್ದಂತೆ, ತೀರ್ಪಿನ ಕಾಗದ ಮಾತ್ರ.